ಹೊರಗೋಡೆಗೆ ಶಾಖನಿರೋಧಕ ಫೋಮ್ ಫಲಕ: ಒಪ್ಪಿಗೆ ನೀಡುವ ಮುನ್ನ ಸದಸ್ಯರು ತಿಳಿದಿರಬೇಕಾದ ಸಂಗತಿಗಳು



ಕಲಬುರಗಿ ಭಾಗದ ಜಿಲ್ಲೆಗಳಲ್ಲಿ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಬದಲಿಸುವುದು ವಾಡಿಕೆ. ಕಾರಣ ಎಲ್ಲರಿಗೂ ತಿಳಿದದ್ದೇ: ಮಧ್ಯಾಹ್ನದ ತಾಪ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಕಚೇರಿಯ ವೇಳೆಯನ್ನು ಬದಲಿಸಬಹುದು. ಕಟ್ಟಡವನ್ನು ಹಾಗೆ ಬದಲಿಸಲಾಗದು. ಅಂಗನವಾಡಿ, ಆರೋಗ್ಯ ಉಪಕೇಂದ್ರ, ಅರಿವು ಕೇಂದ್ರ ಹಾಗೂ ಪಂಚಾಯಿತಿ ಕಚೇರಿಗಳ ಒಳಾಂಗಣವನ್ನು ತಂಪಾಗಿಡಲು ಹೊರಗೋಡೆಗೆ ಶಾಖನಿರೋಧಕ ಫೋಮ್ ಫಲಕ ಹಾಕಿಸುವ ಪ್ರಸ್ತಾವನೆಗಳು ಈಗ ಕ್ರಿಯಾ ಯೋಜನೆಯ ಚರ್ಚೆಗೆ ಬರತೊಡಗಿವೆ. ಈ ಸಾಮಗ್ರಿ ನಮ್ಮಲ್ಲಿ ಅನೇಕರಿಗೆ ಹೊಸದು. ಸಿಮೆಂಟು, ಕಬ್ಬಿಣ, ಮರಳುಗಳನ್ನು ಕಂಡೊಡನೆ ಗುಣ ಹೇಳಬಲ್ಲ ಸದಸ್ಯರೂ ಫೋಮ್ ಫಲಕದ ವಿಷಯದಲ್ಲಿ ಗುತ್ತಿಗೆದಾರರ ಮಾತನ್ನೇ ನಂಬಬೇಕಾಗುತ್ತದೆ. ಆ ಅವಲಂಬನೆಯನ್ನು ಕಡಿಮೆ ಮಾಡುವುದೇ ಈ ಲೇಖನದ ಉದ್ದೇಶ.

ನನ್ನದೇ ಒಂದು ತಪ್ಪನ್ನು ಮೊದಲು ಹೇಳುವುದು ಉಚಿತ. ಹಿಂದೆ ನಾನು ಕರ್ತವ್ಯದಲ್ಲಿದ್ದ ಪಂಚಾಯಿತಿಯೊಂದರಲ್ಲಿ ಅಂಗನವಾಡಿಯ ರಸ್ತೆ ಬದಿಯ ಗೋಡೆಗೆ ಫಲಕ ಹಾಕಿಸಿ, ಬಣ್ಣ ಬಳಿಸಿದೆವು. ಅದು ದಕ್ಷಿಣದ ಗೋಡೆ. ಕಾಮಗಾರಿ ನೋಡಲು ಅಂದವಾಗಿತ್ತು. ಕಡತದಲ್ಲಿ ನನ್ನ ಸಹಿಯೂ ಇತ್ತು. ಬೇಸಿಗೆಯಲ್ಲಿ ಹೋಗಿ ನೋಡಿದಾಗ ಕಾರ್ಯಕರ್ತೆಯವರು ಮಕ್ಕಳನ್ನು ಬೇವಿನ ಮರದ ಕೆಳಗೆ ಕೂರಿಸಿಕೊಂಡಿದ್ದರು. "ಗ್ವಾಡಿ ಛಂದ ಆಗ್ಯಾದ ಸರ, ಆದ್ರ ಮ್ಯಾಲಿಂದ ಬೆಂಕಿ ಬಿದ್ದಂಗ ಆಗ್ತದ" ಎಂದರು. ಅವರ ಮಾತು ಎಂಜಿನಿಯರಿಂಗ್ ಪದವಿ ಪಡೆದ ನಾನು ಮಾಡದೆ ಬಿಟ್ಟಿದ್ದ ಲೆಕ್ಕವೇ ಆಗಿತ್ತು. ಆ ಲೆಕ್ಕವನ್ನು ಇಲ್ಲಿ ಮಾಡೋಣ.

1. ಬಿಸಿಲು ಎಲ್ಲಿಂದ ಒಳಬರುತ್ತದೆ?

ಕಲಬುರಗಿ ನಗರವು ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು 17.3 ಡಿಗ್ರಿ ಅಕ್ಷಾಂಶದಲ್ಲಿದೆ. ಆದ್ದರಿಂದ ಮೇ ತಿಂಗಳ ಎರಡನೆಯ ವಾರದ ಸುಮಾರಿಗೆ ನಡುಹಗಲಿನ ಸೂರ್ಯನು ನೆತ್ತಿಯ ನೇರಕ್ಕೆ ಬರುತ್ತಾನೆ. ನೆಟ್ಟ ಕಂಬದ ನೆರಳು ಕಂಬದ ಬುಡದಲ್ಲೇ ಅಡಗುತ್ತದೆ. ಆ ದಿನಗಳಲ್ಲಿ ಬಿಸಿಲಿನ ಮುಖ್ಯ ಪಾಲು ಬೀಳುವುದು ಚಾವಣಿಯ ಮೇಲೆ. ದಕ್ಷಿಣದ ಗೋಡೆಗೆ ನೇರ ಬಿಸಿಲು ಬೀಳುವುದು ಅತ್ಯಲ್ಪ. ಸಣ್ಣ ಸಜ್ಜಾ ಇದ್ದರೂ ಅದು ನೆರಳಿನಲ್ಲಿರುತ್ತದೆ. ಪೂರ್ವದ ಗೋಡೆಗೆ ಬೆಳಿಗ್ಗೆ, ಪಶ್ಚಿಮದ ಗೋಡೆಗೆ ಮಧ್ಯಾಹ್ನದ ನಂತರ, ಓರೆಯಾದ ಬಿಸಿಲು ನೇರವಾಗಿ ಹೊಡೆಯುತ್ತದೆ. ಈ ಎರಡು ಗೋಡೆಗಳಿಗೆ ಸಜ್ಜಾ ಅಷ್ಟಾಗಿ ನೆರವಾಗದು, ಏಕೆಂದರೆ ಸೂರ್ಯನು ಕೆಳಮಟ್ಟದಲ್ಲಿರುತ್ತಾನೆ.

ಇದರಿಂದ ಮೊದಲ ನಿಯಮ ಸ್ಪಷ್ಟವಾಗುತ್ತದೆ. ಮೊದಲು ಚಾವಣಿ, ಅನಂತರ ಪಶ್ಚಿಮ ಮತ್ತು ಪೂರ್ವದ ಗೋಡೆಗಳು, ದಕ್ಷಿಣ ಮತ್ತು ಉತ್ತರದ ಗೋಡೆಗಳು ಕೊನೆಯಲ್ಲಿ, ಹಣ ಉಳಿದರೆ ಮಾತ್ರ. ನಾಲ್ಕೂ ಗೋಡೆಗಳನ್ನು ಒಂದೇ ಸಮನಾಗಿ ಕಾಣುವ ಅಂದಾಜು ಪಟ್ಟಿ ಸಭೆಯ ಮುಂದೆ ಬಂದರೆ, ಕಟ್ಟಡದ ದಿಕ್ಕನ್ನು ನೋಡಿ ಅದನ್ನು ತಯಾರಿಸಲಾಗಿದೆಯೇ ಎಂದು ಕೇಳುವುದು ಸೂಕ್ತ.

2. ಗೋಡೆಯ ಮೂಲಕ ಎಷ್ಟು ಶಾಖ ಹಾಯುತ್ತದೆ?

ಗೋಡೆಯ ಎರಡು ಬದಿಗಳ ನಡುವೆ 1 ಡಿಗ್ರಿ ತಾಪದ ವ್ಯತ್ಯಾಸವಿದ್ದಾಗ 1 ಚದರ ಮೀಟರ್ ವಿಸ್ತೀರ್ಣದ ಮೂಲಕ ಎಷ್ಟು ವ್ಯಾಟ್ ಶಾಖ ಹಾಯುತ್ತದೆ ಎಂಬ ಅಳತೆಗೆ ಯು-ಮೌಲ್ಯ ಎನ್ನುತ್ತಾರೆ. ಈ ಸಂಖ್ಯೆ ಕಡಿಮೆಯಾದಷ್ಟೂ ಒಳ್ಳೆಯದು. ನಮ್ಮಲ್ಲಿ ಸಾಮಾನ್ಯವಾದ 230 ಮಿ.ಮೀ. ಇಟ್ಟಿಗೆ ಗೋಡೆಗೆ ಎರಡೂ ಬದಿ ಗಿಲಾವು ಮಾಡಿದ್ದರೆ ಯು-ಮೌಲ್ಯ ಸುಮಾರು 2.0. ಕೇವಲ 150 ಮಿ.ಮೀ. ದಪ್ಪದ ಘನ ಕಾಂಕ್ರೀಟ್ ಬ್ಲಾಕಿನ ಗೋಡೆಯದು ಸುಮಾರು 3. ಯಾವ ಹೊದಿಕೆಯೂ ಇಲ್ಲದ 125 ಮಿ.ಮೀ. ಆರ್.ಸಿ.ಸಿ. ಚಾವಣಿಯದು ಸುಮಾರು 3.2.

6 ಮೀಟರ್ ಉದ್ದ, 5 ಮೀಟರ್ ಅಗಲದ ಒಂದು ಅಂಗನವಾಡಿ ಕೋಣೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಚಾವಣಿಯ ವಿಸ್ತೀರ್ಣ 30 ಚದರ ಮೀಟರ್. 3 ಮೀಟರ್ ಎತ್ತರದ ಪಶ್ಚಿಮ ಗೋಡೆಯ ವಿಸ್ತೀರ್ಣ 15 ಚದರ ಮೀಟರ್. ಬಿಸಿಲಿಗೆ ಕಾದ ಹೊರಮೈಗೂ ಒಳಾಂಗಣಕ್ಕೂ 20 ಡಿಗ್ರಿ ವ್ಯತ್ಯಾಸವಿದೆ ಎಂದು ಹೋಲಿಕೆಗಾಗಿ ಇಟ್ಟುಕೊಂಡರೆ,

ಚಾವಣಿಯಿಂದ ಬರುವ ಶಾಖ: 30 × 3.2 × 20 = 1,920 ವ್ಯಾಟ್.
ಪಶ್ಚಿಮ ಗೋಡೆಯಿಂದ ಬರುವ ಶಾಖ: 15 × 2.0 × 20 = 600 ವ್ಯಾಟ್.

ಅಂದರೆ ಮಕ್ಕಳ ತಲೆಯ ಮೇಲೆ ಎರಡು ಕಿಲೋವ್ಯಾಟ್‌ನ ಹೀಟರ್ ಒಂದನ್ನು ಹಚ್ಚಿಟ್ಟಂತೆ. ಗೋಡೆಗೆ 50 ಮಿ.ಮೀ. ಫಲಕ ಹಾಕಿದರೆ 600 ವ್ಯಾಟ್ ಸುಮಾರು 160ಕ್ಕೆ ಇಳಿಯುತ್ತದೆ. ಇದು ಒಳ್ಳೆಯ ಫಲಿತಾಂಶವೇ. ಆದರೆ ಚಾವಣಿಯ 1,920 ವ್ಯಾಟ್ ಹಾಗೆಯೇ ಉಳಿದಿದ್ದರೆ ಆ ಫಲಿತಾಂಶ ಕೋಣೆಯಲ್ಲಿರುವವರ ಅನುಭವಕ್ಕೆ ಬಾರದು. ಅದೇ ಚಾವಣಿಯ ಮೇಲೆ 25 ಮಿ.ಮೀ. ಫಲಕ ಹಾಕಿದರೂ ಶಾಖ ಸುಮಾರು 550 ವ್ಯಾಟ್‌ಗೆ ಇಳಿಯುತ್ತದೆ. ವಸತಿ ಕಟ್ಟಡಗಳಿಗಾಗಿ 2018ರಲ್ಲಿ ಪ್ರಕಟವಾದ ಇಕೋ ನಿವಾಸ್ ಸಂಹಿತೆಯು ಚಾವಣಿಯ ಯು-ಮೌಲ್ಯ 1.2 ಮೀರಬಾರದೆಂದು ಹೇಳುತ್ತದೆ. ಅಂಗನವಾಡಿ ವಸತಿ ಕಟ್ಟಡವಲ್ಲದಿದ್ದರೂ ಇದನ್ನು ಒಂದು ಅಳತೆಗೋಲಾಗಿ ಬಳಸಬಹುದು; 25 ಮಿ.ಮೀ. ಫಲಕದಿಂದಲೇ ಆ ಮಿತಿಯೊಳಗೆ ಬರಬಹುದು.

3. ಶಾಖ ತಡವಾಗಿ ಬರುತ್ತದೆ: ಕಟ್ಟಡದ ಬಳಕೆಯ ವೇಳೆಯನ್ನು ನೋಡಿರಿ

ಹೊರಮೈ ಕಾದ ಕ್ಷಣದಲ್ಲೇ ಒಳಮೈ ಕಾಯುವುದಿಲ್ಲ. ತೆಳುವಾದ ಆರ್.ಸಿ.ಸಿ. ಚಾವಣಿಯಲ್ಲಿ ಶಾಖ ಒಳಗೆ ತಲುಪಲು ಸುಮಾರು ಮೂರು–ನಾಲ್ಕು ಗಂಟೆ ಹಿಡಿದರೆ, 230 ಮಿ.ಮೀ. ಇಟ್ಟಿಗೆ ಗೋಡೆಯಲ್ಲಿ ಆರರಿಂದ ಎಂಟು ಗಂಟೆ ಹಿಡಿಯುತ್ತದೆ. ಮಧ್ಯಾಹ್ನ 3 ಗಂಟೆಗೆ ಪಶ್ಚಿಮದ ಗೋಡೆಗೆ ಬಿದ್ದ ಬಿಸಿಲು ಕೋಣೆಯೊಳಗೆ ಬರುವುದು ರಾತ್ರಿ 9 ಗಂಟೆಯ ನಂತರ. ಬೇಸಿಗೆಯ ರಾತ್ರಿ ಮನೆಯ ಗೋಡೆ ಮುಟ್ಟಿದರೆ ಬಿಸಿಯಾಗಿರುವುದನ್ನು ತಾವೆಲ್ಲರೂ ಗಮನಿಸಿರುತ್ತೀರಿ.

ಆದ್ದರಿಂದ ಕಟ್ಟಡವನ್ನು ಯಾವಾಗ ಬಳಸಲಾಗುತ್ತದೆ ಎಂಬುದು ಮುಖ್ಯವಾಗುತ್ತದೆ. ಮಧ್ಯಾಹ್ನ 1.30ಕ್ಕೆ ಬೀಗ ಹಾಕುವ ಕಚೇರಿಯ ಪಶ್ಚಿಮ ಗೋಡೆಗೆ ಫಲಕ ಹಾಕುವುದರಿಂದ ಸಿಗುವ ಲಾಭ ಕಡಿಮೆ. ಸಂಜೆಯೂ ತೆರೆದಿರುವ ಅರಿವು ಕೇಂದ್ರ, ಆರೋಗ್ಯ ಸಿಬ್ಬಂದಿ ರಾತ್ರಿಯೂ ವಾಸಿಸುವ ಉಪಕೇಂದ್ರದ ವಸತಿ, ಹೆರಿಗೆಯ ನಂತರ ತಾಯಿ–ಮಗು ಇರುವ ಕೋಣೆ, ವಿದ್ಯಾರ್ಥಿ ನಿಲಯ ಇವುಗಳಿಗೆ ಲಾಭ ಹೆಚ್ಚು. ಇರುವ ಹಣ ಒಂದೇ ಕಟ್ಟಡಕ್ಕೆ ಸಾಲುವಂತಿದ್ದರೆ, ರಾತ್ರಿಯೂ ಜನರಿರುವ ಕಟ್ಟಡವನ್ನು ಆಯ್ದುಕೊಳ್ಳುವುದು ನ್ಯಾಯ.

ಒಂದೂವರೆ ಅಡಿ ದಪ್ಪದ ಹಳೆಯ ಕಲ್ಲಿನ ಗೋಡೆಗಳಿಗೆ ಈ ಫಲಕ ಬೇಡ. ಕಲ್ಲು ಶಾಖವನ್ನು ತಡೆಯುವುದಕ್ಕಿಂತ ಹೆಚ್ಚಾಗಿ ವಿಳಂಬಗೊಳಿಸುತ್ತದೆ. ಅಷ್ಟು ದಪ್ಪದ ಗೋಡೆಯಲ್ಲಿ ಹಗಲಿನ ತಾಪ ಒಳಮುಟ್ಟುವ ಹೊತ್ತಿಗೆ ಹೊರಗೆ ತಂಪಾಗಿರುತ್ತದೆ. ಮಣ್ಣಿನ ಗಾರೆಯಲ್ಲಿ ಕಟ್ಟಿದ ಗೋಡೆಯನ್ನು ಫಲಕದಿಂದ ಮುಚ್ಚಿದರೆ ನೆಲದಿಂದ ಏರುವ ತೇವ ಹೊರಹೋಗಲು ದಾರಿ ಸಿಗದೆ ಗೋಡೆಯೇ ಸಡಿಲವಾಗಬಹುದು. ಮಾಳಿಗೆ ಮನೆಗಳ ಮಣ್ಣಿನ ಮೇಲ್ಮುದ್ದೆಯೂ ಒಂದು ಬಗೆಯ ಶಾಖನಿರೋಧಕವೇ ಎಂಬುದನ್ನು ನೆನಪಿಡಬೇಕು. ತೆಳುವಾದ ಆರ್.ಸಿ.ಸಿ. ಚಾವಣಿಗೆ ಬಂದ ಮೇಲೆ ನಾವು ಕಳೆದುಕೊಂಡದ್ದನ್ನೇ ಈಗ ಬೇರೆ ರೂಪದಲ್ಲಿ ಹುಡುಕುತ್ತಿದ್ದೇವೆ.

4. ಮಾರುಕಟ್ಟೆಯಲ್ಲಿರುವ ಮೂರು ಬಗೆಯ ಫಲಕಗಳು

ಫಲಕದ ಶಾಖ ತಡೆಯುವ ಗುಣ ಅದರೊಳಗೆ ಸಿಕ್ಕಿಕೊಂಡಿರುವ ಗಾಳಿ ಅಥವಾ ಅನಿಲದಿಂದ ಬರುತ್ತದೆ. ಒಂದು ವಸ್ತು ಶಾಖವನ್ನು ಎಷ್ಟು ಸುಲಭವಾಗಿ ಹಾಯಗೊಡುತ್ತದೆ ಎಂಬುದನ್ನು ಶಾಖವಾಹಕತೆ ಎನ್ನುತ್ತಾರೆ. ಇದೂ ಕಡಿಮೆಯಿದ್ದಷ್ಟು ಒಳ್ಳೆಯದು. ಇಟ್ಟಿಗೆಯ ಶಾಖವಾಹಕತೆ ಸುಮಾರು 0.8, ಫಲಕಗಳದು 0.04ಕ್ಕಿಂತಲೂ ಕಡಿಮೆ.

ಮೊದಲನೆಯದು ಇ.ಪಿ.ಎಸ್. ಫಲಕ. ಜನರ ಬಾಯಲ್ಲಿ ಇದೇ ಥರ್ಮಾಕೋಲ್. ಬಿಳಿಯ ಕಾಳುಗಳನ್ನು ಉಬ್ಬಿಸಿ, ಒತ್ತಿ ಮಾಡಿದ್ದು. ಶಾಖವಾಹಕತೆ ಸುಮಾರು 0.036. ಬೆಲೆ ಮೂರರಲ್ಲಿ ಕಡಿಮೆ; ಗಾರೆ ಚೆನ್ನಾಗಿ ಹಿಡಿಯುತ್ತದೆ. ಕಾಳುಗಳ ನಡುವಿನ ಸಂದುಗಳಲ್ಲಿ ನಿಧಾನವಾಗಿ ನೀರು ಸೇರಬಲ್ಲದು. ಪೆಟ್ರೋಲ್, ಥಿನ್ನರ್ ಮುಂತಾದವು ತಗುಲಿದರೆ ಕರಗುತ್ತದೆ. ಆದ್ದರಿಂದ ಅಂತಹ ದ್ರಾವಕವಿರುವ ಅಂಟು ಅಥವಾ ಬಣ್ಣವನ್ನು ನೇರವಾಗಿ ಬಳಸಬಾರದು. ಪೊಟ್ಟಣ ಕಟ್ಟುವ ಥರ್ಮಾಕೋಲ್ ಬೇರೆ, ಕಟ್ಟಡಕ್ಕೆ ಬೇಕಾದದ್ದು ಬೇರೆ. ಭಾರತೀಯ ಮಾನಕ ಐ.ಎಸ್. 4671 ಇದನ್ನು ಘನಮೀಟರಿಗೆ 15, 20, 25, 30, 35 ಕಿಲೋಗ್ರಾಂ ಸಾಂದ್ರತೆಗಳಲ್ಲಿ ವರ್ಗೀಕರಿಸುತ್ತದೆ. ಸಾಮಾನ್ಯ ಬಗೆ ಮತ್ತು ಬೆಂಕಿಯಿಂದ ದೂರ ಸರಿಸಿದಾಗ ತಾನೇ ಆರುವ ಬಗೆ ಎಂದು ಎರಡಾಗಿಯೂ ವಿಂಗಡಿಸುತ್ತದೆ. ಗೋಡೆಗೆ 20 ಕಿಲೋಗ್ರಾಂ ಅಥವಾ ಅದಕ್ಕಿಂತ ಹೆಚ್ಚಿನ ಸಾಂದ್ರತೆಯ, ತಾನೇ ಆರುವ ಬಗೆಯನ್ನೇ ಕೇಳಬೇಕು.

ಎರಡನೆಯದು ಎಕ್ಸ್.ಪಿ.ಎಸ್. ಫಲಕ. ಕಾಳುಗಳಿಲ್ಲದೆ ಒಂದೇ ಮುದ್ದೆಯಾಗಿ ಹೊರಬರುವ, ಸಾಮಾನ್ಯವಾಗಿ ಬಣ್ಣವಿರುವ ಗಟ್ಟಿ ಫಲಕ. ಶಾಖವಾಹಕತೆ ಸುಮಾರು 0.032. ನೀರು ಹೀರುವುದು ಬಹಳ ಕಡಿಮೆ. ಮೇಲೆ ನಡೆದಾಡಿದರೂ ತಾಳುತ್ತದೆ. ಆದ್ದರಿಂದ ಚಾವಣಿಗೂ, ಗೋಡೆಯಲ್ಲಿ ನೆಲಮಟ್ಟಕ್ಕೆ ಹತ್ತಿರದ ಭಾಗಕ್ಕೂ ಇದು ತಕ್ಕದ್ದು. ಇದರ ಹೊರಮೈ ನುಣುಪಾಗಿದ್ದರೆ ಗಾರೆ ಹಿಡಿಯದು; ಗೋಡೆಗೆ ಬಳಸುವಾಗ ಒರಟು ಮೈಯ ಫಲಕವನ್ನೇ ತರಿಸಬೇಕು.

ಮೂರನೆಯದು ಪಾಲಿಯುರೆಥೇನ್ ಮತ್ತು ಅದರ ಸಂಬಂಧಿಯಾದ ಪಿ.ಐ.ಆರ್. ಫಲಕಗಳು. ಮಾರುಕಟ್ಟೆಯಲ್ಲಿ ಇವನ್ನು ಪಫ್ ಎಂದು ಕರೆಯುತ್ತಾರೆ. ಶೀತಲ ಗೃಹಗಳಲ್ಲಿ ಕಾಣುವುದು ಇದೇ. ಶಾಖವಾಹಕತೆ 0.022ರಿಂದ 0.028. ಅಂದರೆ ಕಡಿಮೆ ದಪ್ಪದಲ್ಲಿ ಹೆಚ್ಚು ತಡೆ. ಇವುಗಳ ಮಾನಕ ಐ.ಎಸ್. 12436. ಬೆಲೆ ಹೆಚ್ಚು. ಅನೇಕವಕ್ಕೆ ಅಲ್ಯೂಮಿನಿಯಂ ಹಾಳೆಯ ಹೊದಿಕೆ ಇರುತ್ತದೆ; ಅದರ ಮೇಲೆ ಗಿಲಾವು ನಿಲ್ಲದು. ಜಾಗದ ಕೊರತೆಯಿಲ್ಲದ ನಮ್ಮ ಒಂದಂತಸ್ತಿನ ಕಟ್ಟಡಗಳ ಹೊರಗೋಡೆಗೆ ಈ ದುಬಾರಿ ಫಲಕದ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ.

ಒಟ್ಟಾರೆ ಹೇಳುವುದಾದರೆ, ಗೋಡೆಯ ಮೇಲ್ಭಾಗಕ್ಕೆ ತಾನೇ ಆರುವ ಬಗೆಯ ಇ.ಪಿ.ಎಸ್., ಗೋಡೆಯ ಕೆಳಭಾಗಕ್ಕೆ ಹಾಗೂ ಚಾವಣಿಗೆ ಎಕ್ಸ್.ಪಿ.ಎಸ್. ಎಂಬುದು ನಮ್ಮ ಪರಿಸ್ಥಿತಿಗೆ ಹೊಂದುವ ಆಯ್ಕೆ.

5. ಎಷ್ಟು ದಪ್ಪ ಸಾಕು?

230 ಮಿ.ಮೀ. ಇಟ್ಟಿಗೆ ಗೋಡೆಗೆ ಇ.ಪಿ.ಎಸ್. ಹಾಕಿದಾಗ ಯು-ಮೌಲ್ಯ ಹೀಗೆ ಇಳಿಯುತ್ತದೆ:

ಫಲಕವಿಲ್ಲದೆ: 2.0
25 ಮಿ.ಮೀ. ಫಲಕ: 0.84
50 ಮಿ.ಮೀ. ಫಲಕ: 0.53
75 ಮಿ.ಮೀ. ಫಲಕ: 0.39

ಮೊದಲ 25 ಮಿ.ಮೀ. ಫಲಕವು ಅರ್ಧಕ್ಕಿಂತ ಹೆಚ್ಚು ಶಾಖವನ್ನು ತಡೆಯುತ್ತದೆ. ಎರಡನೆಯ 25 ಮಿ.ಮೀ. ತರುವ ಲಾಭ ಅದರ ಕಾಲುಭಾಗದಷ್ಟು. ಮೂರನೆಯದು ಇನ್ನೂ ಅಲ್ಪ. ಹವಾನಿಯಂತ್ರಣವಿಲ್ಲದ ಕಟ್ಟಡಕ್ಕೆ 25 ಮಿ.ಮೀ. ಸಾಕು, ಲಸಿಕೆಯಿಡುವ ಕೋಣೆಯಂತಹ, ಯಂತ್ರದಿಂದ ತಂಪು ಮಾಡುವ ಸ್ಥಳಕ್ಕೆ 50 ಮಿ.ಮೀ. ಸಮರ್ಥನೀಯ. ಒಂದು ಕಟ್ಟಡಕ್ಕೆ 75 ಮಿ.ಮೀ. ಹಾಕುವ ಬದಲು ಮೂರು ಕಟ್ಟಡಗಳ ಪಶ್ಚಿಮ ಗೋಡೆಗಳಿಗೆ 25 ಮಿ.ಮೀ. ಹಾಕುವುದು ಜನರಿಗೆ ಹೆಚ್ಚು ಪ್ರಯೋಜನಕರ. ಕೂಲಿ, ಬಲೆ, ಗಾರೆಗಳ ವೆಚ್ಚ ಪ್ರತಿ ಕಟ್ಟಡಕ್ಕೂ ಬೇರೆಯಾಗಿ ಬರುತ್ತದೆಂಬುದನ್ನು ಮಾತ್ರ ಲೆಕ್ಕದಲ್ಲಿ ಸೇರಿಸಿಕೊಳ್ಳಬೇಕು.

ಇನ್ನೂ ಕಟ್ಟಬೇಕಾಗಿರುವ ಕಟ್ಟಡಕ್ಕಂತೂ ಫಲಕದ ಮಾತೇ ಬೇಡವಾಗಬಹುದು. 200 ಮಿ.ಮೀ. ದಪ್ಪದ ಎ.ಎ.ಸಿ. ಬ್ಲಾಕಿನ ಗೋಡೆಯ ಯು-ಮೌಲ್ಯ ತಾನಾಗಿಯೇ 0.7ರಿಂದ 0.8ರಷ್ಟಿರುತ್ತದೆ. ಇಟ್ಟಿಗೆ ಕಟ್ಟಿ, ಅದರ ಮೇಲೆ 25 ಮಿ.ಮೀ. ಫಲಕ ಹಾಕಿದ್ದಕ್ಕೆ ಇದು ಸಮ. ಜೊತೆಗೆ ಇದು ಉರಿಯುವ ವಸ್ತುವಲ್ಲ.

6. ಫಲಕ ಹೊರಗಿರಲಿ, ರಾತ್ರಿ ಗಾಳಿಯಾಡಲಿ

ಫಲಕವನ್ನು ಗೋಡೆಯ ಒಳಬದಿಗೆ ಹಾಕಿದರೆ ಕೆಲಸ ಸುಲಭ, ಆದರೆ ಇಟ್ಟಿಗೆಯ ತೂಕವು ಹೊರಗೆ ಉಳಿದು ದಿನವಿಡೀ ಕಾಯುತ್ತದೆ. ಹೊರಬದಿಗೆ ಹಾಕಿದರೆ ಇಟ್ಟಿಗೆ ನೆರಳಿನಲ್ಲಿದ್ದಂತೆ. ರಾತ್ರಿಯ ತಂಪನ್ನು ಹೀರಿಕೊಂಡು ಹಗಲಿನಲ್ಲಿ ಒಳಾಂಗಣವನ್ನು ಕಾಯುತ್ತದೆ. ಬೆಂಕಿಯ ದೃಷ್ಟಿಯಿಂದಲೂ ಜನರಿಗೂ ಫಲಕಕ್ಕೂ ನಡುವೆ ಇಟ್ಟಿಗೆಯ ಗೋಡೆ ಇರುವುದು ಕ್ಷೇಮ.

ಆದರೆ ಫಲಕವು ತಂಪನ್ನು ಉತ್ಪಾದಿಸುವುದಿಲ್ಲ. ಅದು ಶಾಖದ ಹರಿವನ್ನು ಎರಡೂ ದಿಕ್ಕಿನಲ್ಲಿ ತಡೆಯುತ್ತದೆ. ಕಿಟಕಿಯಿಂದ, ಜನರಿಂದ, ಅಡುಗೆಯಿಂದ ಒಳಗೆ ಸೇರಿದ ಬಿಸಿ ರಾತ್ರಿ ಹೊರಹೋಗದಿದ್ದರೆ ಮರುದಿನ ಬೆಳಿಗ್ಗೆ ಕೋಣೆ ಹಬೆಯ ಪೆಟ್ಟಿಗೆಯಾಗಿರುತ್ತದೆ. ಮಧ್ಯಾಹ್ನ ಬೀಗ ಹಾಕಿ ಮರುದಿನ ತೆರೆಯುವ ಕಟ್ಟಡಗಳಲ್ಲಿ ಇದು ಖಚಿತ. ಆದ್ದರಿಂದ ಫಲಕದ ಅಂದಾಜಿನಲ್ಲೇ ಚಾವಣಿಗೆ ಹತ್ತಿರದ ಗಾಳಿಕಿಂಡಿಗಳಿಗೆ ಕಬ್ಬಿಣದ ಸರಳು ಮತ್ತು ಸೊಳ್ಳೆ ಬಲೆ ಅಳವಡಿಸುವ ಬಾಬನ್ನೂ ಸೇರಿಸತಕ್ಕದ್ದು. ಆಗ ರಾತ್ರಿ ಅವುಗಳನ್ನು ತೆರೆದಿಡಲು ಕಳ್ಳತನದ ಭಯ ಇರುವುದಿಲ್ಲ. ಪಶ್ಚಿಮದ ಕಿಟಕಿಗೆ ಹೊರಗಡೆ ನೆರಳು ಇಲ್ಲದಿದ್ದರೆ, ಗೋಡೆಗೆ ಮಾಡಿದ ಖರ್ಚಿನ ಫಲದ ಒಂದು ಪಾಲು ಕಿಟಕಿಯಲ್ಲೇ ಸೋರಿಹೋಗುತ್ತದೆ.

7. ಬೆಂಕಿಯ ವಿಷಯದಲ್ಲಿ ರಿಯಾಯಿತಿ ಇಲ್ಲ

ಮೇಲಿನ ಮೂರೂ ಬಗೆಯ ಫಲಕಗಳು ಉರಿಯಬಲ್ಲವು. ಇ.ಪಿ.ಎಸ್. ಮತ್ತು ಎಕ್ಸ್.ಪಿ.ಎಸ್. ಮೊದಲು ಮೆತ್ತಗಾಗಿ, ಕರಗಿ, ಉರಿಯುವ ಹನಿಗಳಾಗಿ ಬೀಳುತ್ತವೆ. ದಟ್ಟವಾದ ಕಪ್ಪು ಹೊಗೆ ಏಳುತ್ತದೆ. ಪಫ್ ಮತ್ತು ಪಿ.ಐ.ಆರ್. ಕರಗದೆ ಕರಿಯಾಗುತ್ತವೆ, ಆದರೆ ಅವುಗಳ ಹೊಗೆ ವಿಷಕಾರಿ. ತಾನೇ ಆರುವ ಬಗೆ ಎಂದರೆ ಉರಿಯದ ಬಗೆ ಎಂದು ಅರ್ಥವಲ್ಲ. ಸಣ್ಣ ಕಿಡಿಗೆ ಅದು ಹೊತ್ತಿಕೊಳ್ಳುವುದು ಕಷ್ಟ. ಪಕ್ಕದಲ್ಲಿ ದೊಡ್ಡ ಬೆಂಕಿ ಇದ್ದರೆ ಅದೂ ಉರಿಯುತ್ತದೆ.

2017ರ ಜೂನ್ 14ರಂದು ಲಂಡನ್ನಿನ 24 ಅಂತಸ್ತಿನ ಗ್ರೆನ್‌ಫೆಲ್ ಟವರ್ ವಸತಿ ಕಟ್ಟಡದಲ್ಲಿ ಒಂದು ಅಡುಗೆ ಮನೆಯಲ್ಲಿ ಹುಟ್ಟಿದ ಬೆಂಕಿ ಹೊರಗೋಡೆಯ ಹೊದಿಕೆಗೆ ತಗುಲಿ ಮೇಲಕ್ಕೆ ಏರಿತು. 72 ಜನರು ಮೃತಪಟ್ಟರು. ಬೆಂಕಿ ಹರಡಲು ಮುಖ್ಯ ಕಾರಣ ಪಾಲಿಥಿನ್ ತಿರುಳಿದ್ದ ಅಲ್ಯೂಮಿನಿಯಂ ಹೊದಿಕೆ. ಅದರ ಹಿಂದೆ ಉರಿಯಬಲ್ಲ ಫೋಮ್ ಫಲಕಗಳಿದ್ದವು. ನಮ್ಮ ಅಂಗನವಾಡಿ ಒಂದೇ ಅಂತಸ್ತಿನದು ನಿಜ. ಆದರೆ ಅದರೊಳಗಿರುವವರು ಮೂರರಿಂದ ಆರು ವರ್ಷದ ಮಕ್ಕಳು. ಬಾಗಿಲು ಬಹುತೇಕ ಒಂದೇ. ಆದ್ದರಿಂದ ಕೆಳಗಿನ ನಾಲ್ಕು ಅಂಶಗಳಲ್ಲಿ ರಾಜಿ ಸಲ್ಲದು.

ಒಂದು, ಫಲಕದ ಯಾವ ಭಾಗವೂ ಗಾರೆಯ ಹೊದಿಕೆಯಿಲ್ಲದೆ ಬಯಲಾಗಿರಬಾರದು. ಅಂಚುಗಳೂ, ಕಿಟಕಿಯ ಪಕ್ಕಗಳೂ ಮುಚ್ಚಿರಬೇಕು. ಎರಡು, ಅಡುಗೆ ಒಲೆ ಮತ್ತು ಗ್ಯಾಸ್ ಸಿಲಿಂಡರ್ ಇರುವ ಕಡೆಯ ಗೋಡೆಗೆ, ವಿದ್ಯುತ್ ಮೀಟರ್ ಬೋರ್ಡಿನ ಸುತ್ತ ಹಾಗೂ ಹೊರಹೋಗುವ ಬಾಗಿಲಿನ ಅಕ್ಕಪಕ್ಕದಲ್ಲಿ ಫೋಮ್ ಫಲಕ ಹಾಕಬಾರದು. ಅಗತ್ಯವಿದ್ದರೆ ಅಲ್ಲಿ ಉರಿಯದ ಕಲ್ಲುಣ್ಣೆಯ ಫಲಕ ಹಾಕಬೇಕು. ಮೂರು, ವಿದ್ಯುತ್ ತಂತಿಗಳನ್ನು ಫಲಕದೊಳಗೆ ಹೂಳಬಾರದು. ನಾಲ್ಕು, ಕೋಣೆಯ ಒಳಗೆ ಥರ್ಮಾಕೋಲ್ ಹಾಳೆಗಳ ತೂಗುಚಾವಣಿ ಮಾಡಬಾರದು. ತಂಪಿಗಾಗಿ ಈಗಾಗಲೇ ಎಲ್ಲಿಯಾದರೂ ಹಾಕಿಸಿದ್ದರೆ ಅದನ್ನು ತೆಗೆಸುವುದು ಮಕ್ಕಳ ಸುರಕ್ಷತೆಗೆ ಅವಶ್ಯ.

8. ಅಳವಡಿಕೆಯಲ್ಲಿ ಕಾಣುವ ದೋಷಗಳು

ಮೊದಲು ಹೇಳಿದ ಅಂಗನವಾಡಿಯಲ್ಲಿ ಎರಡನೆಯ ತಪ್ಪೂ ಆಗಿತ್ತು. ಫಲಕವನ್ನು ನೆಲದವರೆಗೆ ಇಳಿಸಿ, ಒಂದೇ ಪದರು ತೆಳು ಗಾರೆ ಬಳಿಯಲಾಗಿತ್ತು. ಸೈಕಲ್ ಹ್ಯಾಂಡಲು ತಗುಲಿ ಒಂದು ಕಡೆ ಒಡೆಯಿತು. ಮಕ್ಕಳು ಬಿಳಿ ಕಾಳು ಕೆದಕತೊಡಗಿದರು. ಮಳೆಗಾಲದ ನಂತರ ಇರುವೆಗಳು ಸೇರಿಕೊಂಡವು. ಇದು ಫಲಕದ ದೋಷವಲ್ಲ, ಅಳವಡಿಕೆಯ ದೋಷ.

ಸರಿಯಾದ ಕ್ರಮ ಹೀಗಿದೆ. ಸೋರಿಕೆ ಅಥವಾ ತೇವವಿರುವ ಗೋಡೆಯನ್ನು ಮೊದಲು ದುರಸ್ತಿ ಮಾಡಿ ಒಣಗಿಸಬೇಕು. ಫಲಕಗಳನ್ನು ಸಿಮೆಂಟ್ ಆಧಾರಿತ ಅಂಟಿನಿಂದ, ಇಟ್ಟಿಗೆ ಕಟ್ಟುವಂತೆ ಸಂದು ತಪ್ಪಿಸಿ ಕೂರಿಸಬೇಕು. ಸಂದುಗಳಲ್ಲಿ ಅಂತರ ಉಳಿಯಬಾರದು. ಅನಂತರ ಅಗಲ ತಲೆಯ ಪ್ಲಾಸ್ಟಿಕ್ ಮೊಳೆಗಳನ್ನು ಚದರ ಮೀಟರಿಗೆ ಐದಾರರಂತೆ ಗೋಡೆಯವರೆಗೆ ಬಿಗಿಯಬೇಕು. ಅದರ ಮೇಲೆ ಕ್ಷಾರ ತಡೆಯುವ ಗಾಜುನಾರಿನ ಬಲೆಯನ್ನು ಹುದುಗಿಸಿ ಗಾರೆ ಬಳಿಯಬೇಕು. ಕಿಟಕಿ–ಬಾಗಿಲಿನ ಮೂಲೆಗಳಲ್ಲಿ ಓರೆಯಾಗಿ ಬಲೆಯ ಹೆಚ್ಚುವರಿ ತುಂಡು ಇಡಬೇಕು. ಬಿರುಕು ಹುಟ್ಟುವುದು ಅಲ್ಲಿಂದಲೇ. ಜನ, ದನ, ಸೈಕಲ್ಲು ತಗುಲುವ ಎತ್ತರದವರೆಗೆ, ಅಂದರೆ ಸುಮಾರು ಒಂದೂವರೆ ಮೀಟರಿನವರೆಗೆ, ಎರಡು ಪದರು ಬಲೆ ಹಾಕಬೇಕು ಅಥವಾ ಶಹಾಬಾದ್ ಕಲ್ಲಿನ ಹೊದಿಕೆಯನ್ನು ಗೋಡೆಗೆ ಭದ್ರವಾಗಿ ಬಿಗಿದು ನಿಲ್ಲಿಸಬೇಕು. ಬಿಸಿಲಿಗೆ ಬಿಟ್ಟ ಫಲಕ ಹಳದಿಯಾಗಿ, ಪುಡಿ ಉದುರುತ್ತದೆ. ಆದ್ದರಿಂದ ಅಂಟಿಸಿದ ಮೇಲೆ ಗಾರೆಯ ಕೆಲಸವನ್ನು ತಿಂಗಳುಗಟ್ಟಲೆ ಮುಂದೂಡಬಾರದು.

ಗೆದ್ದಲು ಫೋಮನ್ನು ಆಹಾರವಾಗಿ ತಿನ್ನುವುದಿಲ್ಲ. ಆದರೆ ಅದರೊಳಗೆ ದಾರಿ ಕೊರೆದು, ಯಾರ ಕಣ್ಣಿಗೂ ಬೀಳದಂತೆ ಕಿಟಕಿ ಬಾಗಿಲಿನ ಮರದವರೆಗೆ ಏರಬಲ್ಲದು. ನೆಲಮಟ್ಟದಿಂದ ಕನಿಷ್ಠ 15 ಸೆಂ.ಮೀ. ಎತ್ತರದವರೆಗೆ ಗೋಡೆಯನ್ನು ಫಲಕವಿಲ್ಲದೆ ಬಿಟ್ಟರೆ ಗೆದ್ದಲಿನ ಮಣ್ಣಿನ ದಾರಿ ಕಾಣಿಸುತ್ತದೆ, ಮಳೆಯ ನೀರಿನ ಸಿಡಿತವೂ ತಗುಲುವುದಿಲ್ಲ.

ಕತ್ತರಿಸಿ ಉಳಿದ ಫಲಕದ ಚೂರುಗಳನ್ನು ಸ್ಥಳದಲ್ಲಿ ಸುಡಬಾರದು. ಅವುಗಳನ್ನು ಚೀಲದಲ್ಲಿ ತುಂಬಿ ಒಯ್ಯುವ ಹೊಣೆ ಗುತ್ತಿಗೆದಾರರದೆಂದು ಷರತ್ತಿನಲ್ಲಿ ಬರೆಯದಿದ್ದರೆ, ಗಾಳಿಗೆ ಹಾರಿದ ಕಾಳುಗಳನ್ನು ಚರಂಡಿಯಿಂದ ಹೆಕ್ಕುವ ಕೆಲಸ ನಮ್ಮ ಸ್ವಚ್ಛತಾ ಸಿಬ್ಬಂದಿಯ ಪಾಲಿಗೆ ಬರುತ್ತದೆ.

9. ಚಾವಣಿಗೆ ಮಾಡಬೇಕಾದದ್ದು

ಎಲ್ಲಕ್ಕಿಂತ ಅಗ್ಗದ ಕ್ರಮ ಚಾವಣಿಗೆ ಸುಣ್ಣ ಅಥವಾ ಬಿಸಿಲು ಪ್ರತಿಫಲಿಸುವ ಬಿಳಿಯ ಬಣ್ಣ ಬಳಿಯುವುದು. ಹೊಸದಾಗಿ ಬಳಿದ ಬಿಳುಪು ಬಿದ್ದ ಬಿಸಿಲಿನ ಹೆಚ್ಚಿನ ಪಾಲನ್ನು ಹಿಂದಕ್ಕೆ ಕಳುಹಿಸುತ್ತದೆ; ಕಪ್ಪಾದ ಹಳೆಯ ಕಾಂಕ್ರೀಟು ಅದನ್ನು ಹೀರಿಕೊಳ್ಳುತ್ತದೆ. ಸುಣ್ಣವನ್ನು ಪ್ರತಿ ವರ್ಷ ಮಾರ್ಚಿಗೆ ಮುನ್ನ ಮತ್ತೆ ಬಳಿಯಬೇಕು, ಧೂಳು ಗುಡಿಸಬೇಕು. ಶಾಶ್ವತ ಕ್ರಮ ಬೇಕಾದರೆ, ನೀರು ಸೋರದ ಪದರಿನ ಮೇಲೆ ಎಕ್ಸ್.ಪಿ.ಎಸ್. ಫಲಕ ಹಾಸಿ, ಅದರ ಮೇಲೆ ಬಟ್ಟೆಯಂತಹ ಸೋಸುಪದರು, ಅದರ ಮೇಲೆ ಕಾಂಕ್ರೀಟ್ ಅಥವಾ ತಿಳಿಬಣ್ಣದ ಹಾಸುಗಲ್ಲು ಹಾಕಬೇಕು. ಈ ಹೆಚ್ಚುವರಿ ಭಾರವನ್ನು ಚಾವಣಿ ತಾಳುವುದೆಂದು ಎಂಜಿನಿಯರರು ಲಿಖಿತವಾಗಿ ದೃಢಪಡಿಸಬೇಕು. ಸೋರುತ್ತಿರುವ ಚಾವಣಿಯ ಮೇಲೆ ಫಲಕ ಹಾಸುವುದು ಗಾಯದ ಮೇಲೆ ಪಟ್ಟಿ ಕಟ್ಟಿ ಮರೆತಂತೆ.

10. ಸಭೆಯಲ್ಲಿ ಕೇಳಬೇಕಾದ ಪ್ರಶ್ನೆಗಳು

ಪ್ರಸ್ತಾವನೆ ಬಂದಾಗ ಈ ಕೆಳಕಂಡ ಪ್ರಶ್ನೆಗಳಿಗೆ ಉತ್ತರ ಪಡೆದು, ನಡವಳಿ ಪುಸ್ತಕದಲ್ಲಿ ದಾಖಲಿಸಿದ ನಂತರವೇ ಒಪ್ಪಿಗೆ ನೀಡುವುದು ಸೂಕ್ತ.

(ಅ) ಚಾವಣಿಗೆ ಏನು ಮಾಡಲಾಗಿದೆ? ಏನೂ ಮಾಡಿಲ್ಲದಿದ್ದರೆ ಗೋಡೆಯಿಂದ ಆರಂಭಿಸಲು ಕಾರಣವೇನು?
(ಆ) ಯಾವ ದಿಕ್ಕಿನ ಗೋಡೆ? ಕಟ್ಟಡದ ಬಳಕೆಯ ವೇಳೆ ಯಾವುದು?
(ಇ) ಫಲಕದ ಬಗೆ, ದಪ್ಪ, ಸಾಂದ್ರತೆ, ಮಾನಕದ ಸಂಖ್ಯೆ, ತಾನೇ ಆರುವ ಬಗೆಯೇ ಎಂಬುದು ಅಂದಾಜು ಪಟ್ಟಿಯಲ್ಲಿ ಬರೆದಿದೆಯೇ? ಕೇವಲ "ಥರ್ಮಲ್ ಶೀಟ್ ಅಳವಡಿಕೆ" ಎಂದಿದ್ದರೆ ಅದು ಅಪೂರ್ಣ.
(ಈ) ಬಲೆ, ಮೊಳೆ, ಅಂಟು, ಗಾರೆಗಳನ್ನು ಬೇರೆ ಬೇರೆ ಬಾಬುಗಳಾಗಿ ತೋರಿಸಿದೆಯೇ?
(ಉ) ಬಾಬು ಚಾಲ್ತಿ ದರಪಟ್ಟಿಯಲ್ಲಿ ಇಲ್ಲದಿದ್ದರೆ ದರ ವಿಶ್ಲೇಷಣೆ ಲಗತ್ತಿಸಿದೆಯೇ? ತಾಂತ್ರಿಕ ಮಂಜೂರಾತಿ ದೊರೆತಿದೆಯೇ? ಖರೀದಿಯು 1999ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮಕ್ಕೆ ಅನುಗುಣವಾಗಿದೆಯೇ?
(ಊ) ಬಿರುಕು, ಕಳಚುವಿಕೆಗಳಿಗೆ ದೋಷ ಹೊಣೆಗಾರಿಕೆಯ ಅವಧಿ ಎಷ್ಟು?

ಸಾಮಗ್ರಿ ಬಂದ ದಿನ ಸದಸ್ಯರೇ ಮಾಡಬಹುದಾದ ಒಂದು ಪರೀಕ್ಷೆಯಿದೆ. 1 ಮೀಟರ್ ಉದ್ದ, ಅರ್ಧ ಮೀಟರ್ ಅಗಲ, 50 ಮಿ.ಮೀ. ದಪ್ಪದ ಫಲಕವನ್ನು ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿರಿ. ಸಾಂದ್ರತೆ 20 ಕಿಲೋಗ್ರಾಂ ಆಗಿದ್ದರೆ ಅದು 500 ಗ್ರಾಂ ತೂಗಬೇಕು. 375 ಗ್ರಾಂ ತೂಗಿದರೆ 15ರ ಮಾಲು ಬಂದಿದೆ ಎಂದು ಅರ್ಥ. 25 ಮಿ.ಮೀ. ಫಲಕವಾದರೆ ಈ ತೂಕಗಳ ಅರ್ಧ. ಹತ್ತು ಫಲಕಗಳನ್ನು ತೂಗಿ ಸರಾಸರಿ ತೆಗೆದರೆ ಇನ್ನೂ ಒಳ್ಳೆಯದು. ಗಾರೆ ಬಳಿಯುವ ಮುನ್ನ ಮೊಳೆ ಮತ್ತು ಬಲೆಗಳ ಛಾಯಾಚಿತ್ರ ತೆಗೆಸಿ ಕಡತದಲ್ಲಿರಿಸಬೇಕು. ಗಾರೆಯ ಹಿಂದೆ ಅಡಗಿದ್ದನ್ನು ಅಳತೆ ಪುಸ್ತಕ ತೋರಿಸಲಾರದು.

ಇನ್ನು, ಪ್ರಸ್ತಾವನೆ ಬರುವ ಮುನ್ನವೇ ಮಾಡಬಹುದಾದ ಕೆಲಸವೊಂದಿದೆ. ಬೇಸಿಗೆಯ ಒಂದು ದಿನ ಸಂಜೆ 4 ಗಂಟೆಗೆ ತಮ್ಮ ವಾರ್ಡಿನ ಅಂಗನವಾಡಿಗೆ ಹೋಗಿ, ಕುರ್ಚಿಯ ಮೇಲೆ ನಿಂತು ಚಾವಣಿಯ ಅಡಿಮೈಗೆ ಅಂಗೈ ಇಡಿರಿ. ಅನಂತರ ನಾಲ್ಕೂ ಗೋಡೆಗಳ ಒಳಮೈಯನ್ನು ಮುಟ್ಟಿರಿ. ರಾತ್ರಿ 9 ಗಂಟೆಗೆ ಮತ್ತೊಮ್ಮೆ ಮುಟ್ಟಿರಿ. ಕೈಗೆ ಯಾವುದು ಹೆಚ್ಚು ಬಿಸಿಯಾಗಿ ತಾಗುವುದೋ, ಯಾವ ಹೊತ್ತಿನಲ್ಲಿ ತಾಗುವುದೋ ಬರೆದುಕೊಳ್ಳಿರಿ. ಕಾರ್ಯಕರ್ತೆಯವರನ್ನೂ ಒಂದು ಮಾತು ಕೇಳಿರಿ. ದಿನವಿಡೀ ಆ ಕೋಣೆಯಲ್ಲಿರುವವರು ಅವರೇ. ಆ ಚೀಟಿಯನ್ನು ಹಿಡಿದು ಸಭೆಗೆ ಬಂದರೆ, ಫಲಕ ಬೇಕೇ, ಬೇಕಾದರೆ ಎಲ್ಲಿಗೆ ಎಂಬ ಪ್ರಶ್ನೆಗೆ ಅರ್ಧ ಉತ್ತರ ತಮ್ಮಲ್ಲೇ ಇರುತ್ತದೆ.